ಆಗಿದ್ದು ಆಗೋಯ್ತು ಅನ್ನುವವರಿಗೆ

ಜಗಳ ಮುಗಿಸುವುದಕ್ಕೆ ನಮ್ಮ ಕಡೆ ಒಂದು ಮಾತಿದೆ: ‘ಆಗಿದ್ದು ಆಗೋಯ್ತು, ಬುಡಿ ಅತ್ಲಾಗೆ.’ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳ ಯಾವ ಊರಿನ ಅರಳಿಕಟ್ಟೆಗೆ ಹೋದರೂ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಬದು ಒತ್ತಿದ್ದಕ್ಕೆ, ಹಿಪ್ಪುನೇರಳೆ ತೋಟಕ್ಕೆ ದನ ನುಗ್ಗಿದ್ದಕ್ಕೆ, ಜಾತ್ರೆಯಲ್ಲಿ ಕೈ ಮಿಲಾಯಿಸಿದ್ದಕ್ಕೆ, ಎಲ್ಲದಕ್ಕೂ ಇದೇ ಮುಲಾಮು. ಕೇಳುವುದಕ್ಕೆ ಬಹಳ ದೊಡ್ಡ ಮನಸ್ಸಿನ ಮಾತು. ಆದರೆ ಇದನ್ನು ಹೇಳುವವರು ಯಾರು ಎಂಬುದನ್ನು ಒಮ್ಮೆ ಗಮನಿಸಿ ನೋಡಿ. ಹೊಡೆಸಿಕೊಂಡವನು ಮೊದಲು ಈ ಮಾತು ಆಡಿದ್ದನ್ನು ನಾನಂತೂ ಕೇಳಿಲ್ಲ. ಹೊಡೆದವನು ಆಡುತ್ತಾನೆ, ಹೊಡೆದವನ ಕಡೆಯ ಹಿರಿಯರು ಆಡುತ್ತಾರೆ, ನೋಡುತ್ತಾ ನಿಂತಿದ್ದು, ಎಲ್ಲಿ ಸಾಕ್ಷಿ ಹೇಳಬೇಕಾಗುತ್ತದೋ ಎಂದು ಹೆದರಿದವನು ಎಲ್ಲರಿಗಿಂತ ಮುಂಚೆ ಆಡುತ್ತಾನೆ. ಹೊಡೆಸಿಕೊಂಡವನು ತಲೆ ಬಗ್ಗಿಸಿ ಕೂತಿರುತ್ತಾನೆ. ಅವನ ಮೌನವನ್ನೇ ಒಪ್ಪಿಗೆ ಎಂದು ಬರೆದುಕೊಂಡು ಎಲ್ಲರೂ ಕಾಫಿ ಕುಡಿದು ಏಳುತ್ತಾರೆ.

ಈ ಮಾತು ಬದುವಿನ ಜಗಳಕ್ಕೆ ಸಾಕಾದೀತು. ಆದರೆ ಇದೇ ಮಾತನ್ನು ಊರಿಗೆ ಊರೇ ಸುಟ್ಟ ಮೇಲೂ, ದೇಶಕ್ಕೆ ದೇಶವೇ ಹೊತ್ತಿ ಉರಿದ ಮೇಲೂ ಆಡುವವರಿದ್ದಾರೆ. ಆಗ ಇದಕ್ಕೆ ಸಾಮರಸ್ಯ, ಮರುಸಂಧಾನ ಎಂದು ಭಾರವಾದ ಹೆಸರುಗಳು ಬರುತ್ತವೆ. ಹೆಸರು ಬದಲಾದರೂ ಸರಕು ಅದೇ. ಈ ಸರಕಿನ ಮೇಲೆ ನನ್ನ ತಕರಾರಿದೆ.

ನಾನು ಮೊದಲು ಶ್ರೀಲಂಕಾದ ಮಾತೆತ್ತುತ್ತೇನೆ. ‘ಸಿಂಹಳದ ಯುದ್ಧಕ್ಕೂ ನಮ್ಮ ರಾಗಿ ಹೊಲಕ್ಕೂ ಏನಪ್ಪಾ ಸಂಬಂಧ?’ ಎಂದು ನೀವು ಕೇಳಬಹುದು. ಸಂಬಂಧವಿದೆ. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರನ್ನು ಕೊಂದವರ ಜಾಡು ಹಿಡಿದು ಪೊಲೀಸರು ಬಂದದ್ದು ನಮ್ಮ ಬಾಗಿಲಿಗೇ. ಅದೇ ಆಗಸ್ಟಿನಲ್ಲಿ ಶಿವರಾಸನ್ ಮತ್ತು ಅವನ ಸಂಗಡಿಗರು ಸತ್ತದ್ದು ಕನಕಪುರ ರಸ್ತೆಯ ಮಗ್ಗುಲಿನ ಕೋಣನಕುಂಟೆಯಲ್ಲಿ. ಅದಕ್ಕೆ ಎರಡು ಮೂರು ದಿನ ಮುಂಚೆ ಇನ್ನಷ್ಟು ಮಂದಿ ಹುಲಿ ಸಂಘಟನೆಯ ಹುಡುಗರು ಸಯನೈಡ್ ಕಚ್ಚಿ ಸತ್ತದ್ದು ಮುತ್ತತ್ತಿಯ ಕಡೆ. ಮುತ್ತತ್ತಿ ಮಳವಳ್ಳಿ ತಾಲ್ಲೂಕಿಗೆ ಸೇರಿರಬಹುದು. ಆದರೆ ಕನಕಪುರದವರಿಗೆ ಸಾತನೂರು, ಹಲಗೂರು ದಾಟಿದರೆ ಅದು ತಮ್ಮದೇ ಮುತ್ತತ್ತಿರಾಯನ ಜಾಗ. ಹರಕೆ ಹೊತ್ತು ಹೋಗುವ ಹೊಳೆದಂಡೆ. ಆ ಹೊಳೆದಂಡೆಯ ಆಸುಪಾಸಿನಲ್ಲಿ, ಸಮುದ್ರದಾಚೆಯ ಯುದ್ಧವೊಂದರ ಹುಡುಗರು ಬಂದು ಸತ್ತರು. ಇನ್ನು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೆ ಹೋದರೆ, 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಲಂಕೆಯಿಂದ ಹಡಗು ಹತ್ತಿ ಬಂದವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಸಿಗುತ್ತಾರೆ. ಐದು ಲಕ್ಷದ ಇಪ್ಪತ್ತೈದು ಸಾವಿರ ಜನ ಇತ್ತ, ಮೂರು ಲಕ್ಷ ಜನ ಅತ್ತ ಎಂದು ಎರಡು ಸರ್ಕಾರಗಳು ಮನುಷ್ಯರನ್ನು ಪಾಲು ಮಾಡಿಕೊಂಡ ಒಪ್ಪಂದ ಅದು. ದನದ ಸಂತೆಯಲ್ಲಾದರೂ ದನದ ಹಲ್ಲು ನೋಡುತ್ತಾರೆ. ಇಲ್ಲಿ ಅದನ್ನೂ ನೋಡಲಿಲ್ಲ.

ಆ ದೇಶದಲ್ಲಿ ಆದದ್ದನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಸ್ವಾತಂತ್ರ್ಯ ಬಂದ 1948ರಲ್ಲೇ ಟೀ ತೋಟದ ತಮಿಳು ಕೂಲಿಗಳ ಪೌರತ್ವ ಹೋಯಿತು. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಎಂಬ ಕಾನೂನು ಬಂತು. 1981ರಲ್ಲಿ ಜಾಫ್ನಾದ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ಸುಮಾರು 97,000 ಪುಸ್ತಕಗಳು ಬೂದಿಯಾದವು. 1983ರ ಜುಲೈನಲ್ಲಿ ಹದಿಮೂರು ಜನ ಸೈನಿಕರನ್ನು ಹುಲಿಗಳು ಕೊಂದರೆಂಬ ಕಾರಣಕ್ಕೆ ಕೊಲಂಬೋದಲ್ಲಿ ಗುಂಪುಗಳು ತಮಿಳರ ಮನೆ ಅಂಗಡಿಗಳನ್ನು ಹುಡುಕಿ ಹುಡುಕಿ ಸುಟ್ಟವು. ಎಷ್ಟೋ ಗುಂಪುಗಳ ಕೈಯಲ್ಲಿ ಮತದಾರರ ಪಟ್ಟಿ ಇತ್ತಂತೆ! ಓಟು ಕೇಳುವುದಕ್ಕೆಂದು ಬರೆದ ಪಟ್ಟಿ ಮನೆ ಸುಡುವುದಕ್ಕೆ ಬಂತು. ಅಲ್ಲಿಂದ ಇಪ್ಪತ್ತಾರು ವರ್ಷ ಯುದ್ಧ. ನಡುವೆ ನಮ್ಮ ಶಾಂತಿ ಪಾಲನಾ ಪಡೆ ಹೋಗಿ, ಸುಮಾರು 1,200 ಯೋಧರನ್ನು ಕಳೆದುಕೊಂಡು 1990ರಲ್ಲಿ ಹಿಂತಿರುಗಿತು. 2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ಕೊನೆಯ ಕೆಲವು ತಿಂಗಳಲ್ಲಿ 40,000ದವರೆಗೆ ನಾಗರಿಕರು ಸತ್ತಿರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಗುಂಡು ಹಾರಿಸುವುದಿಲ್ಲವೆಂದು ಸರ್ಕಾರವೇ ಘೋಷಿಸಿದ ಜಾಗದ ಮೇಲೆ ಸರ್ಕಾರದ ಷೆಲ್ಲುಗಳು ಬಿದ್ದವು ಎಂದಿತು. ಹುಲಿಗಳು ತಮ್ಮ ಜನರನ್ನೇ ಗುರಾಣಿಯಾಗಿ ನಿಲ್ಲಿಸಿಕೊಂಡು, ಓಡಿಹೋಗಲು ನೋಡಿದವರಿಗೆ ಗುಂಡಿಟ್ಟರು ಎಂದೂ ಅದೇ ಸಮಿತಿ ಹೇಳಿತು.

ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೇಳುವವರೂ ಇದ್ದಾರೆ, ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾತ್ರ ಹೇಳುವವರೂ ಇದ್ದಾರೆ. ಇಬ್ಬರಿಗೂ ಮಾನವ ಹಕ್ಕಿನ ಮಾತು ಆಡುವ ಯೋಗ್ಯತೆ ಇಲ್ಲ. 1990ರ ಅಕ್ಟೋಬರಿನಲ್ಲಿ ಹುಲಿಗಳು ಉತ್ತರ ಪ್ರಾಂತ್ಯದ ಮುಸ್ಲಿಮರಿಗೆ ಗಡುವು ಕೊಟ್ಟು ಊರು ಬಿಡಿಸಿದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೈಗೆ ಸಿಕ್ಕಷ್ಟು ಹಿಡಿದು ಹೊರಟರು. ಆ ಮುಸ್ಲಿಮರು ಆಡುತ್ತಿದ್ದದ್ದೂ ತಮಿಳನ್ನೇ. ತಾನು ತುಳಿಸಿಕೊಂಡವನು ಎಂಬ ಕಾರಣಕ್ಕೆ ಇನ್ನೊಬ್ಬನನ್ನು ತುಳಿಯುವ ಲೈಸೆನ್ಸು ಯಾರಿಗೂ ಸಿಗುವುದಿಲ್ಲ.

ಯುದ್ಧ ಮುಗಿಯಿತಲ್ಲ, ಆಮೇಲೇನಾಯಿತು? 2010ರಲ್ಲಿ ಸರ್ಕಾರ ‘ಕಲಿತ ಪಾಠಗಳು ಮತ್ತು ಮರುಸಂಧಾನ ಆಯೋಗ’ ಮಾಡಿತು. ಹೆಸರು ಚೆನ್ನಾಗಿದೆ. ಆಯೋಗ ವರದಿ ಕೊಟ್ಟಿತು. ಅದರಲ್ಲಿ ಒಳ್ಳೆಯ ಶಿಫಾರಸುಗಳೂ ಇದ್ದವು. 2015ರಲ್ಲಿ ಜಿನೀವಾದಲ್ಲಿ ಸರ್ಕಾರವೇ ಸಹಿ ಹಾಕಿ, ವಿಚಾರಣೆ ಮಾಡುತ್ತೇವೆ ಎಂದು ಜಗತ್ತಿಗೆ ಮಾತು ಕೊಟ್ಟಿತು. 2020ರಲ್ಲಿ ಆ ಮಾತಿನಿಂದ ಹಿಂದೆ ಸರಿಯಿತು. ಕಾಣೆಯಾದವರ ಕಚೇರಿ ಎಂದು ಒಂದು ಕಚೇರಿ ತೆರೆಯಿತು. ಕಾಣೆಯಾದವರ ತಾಯಂದಿರು ಮಾತ್ರ 2017ರ ಫೆಬ್ರವರಿಯಿಂದ ಕಿಳಿನೊಚ್ಚಿಯ, ವವುನಿಯಾದ ರಸ್ತೆ ಬದಿಯಲ್ಲಿ ಮಕ್ಕಳ ಫೋಟೋ ಹಿಡಿದು ಕೂತರು. ಕೂತಲ್ಲೇ ಎಷ್ಟೋ ತಾಯಂದಿರು ಕಾಲವಾಗಿಹೋದರು. ಅವರು ಕೇಳಿದ್ದು ರಾಜ್ಯವನ್ನಲ್ಲ, ಪ್ರತ್ಯೇಕ ಧ್ವಜವನ್ನಲ್ಲ. ನನ್ನ ಮಗ ಇದ್ದಾನೋ ಇಲ್ಲವೋ ಹೇಳಿ ಎಂದು ಕೇಳಿದರು. ಇದ್ದರೆ ಎಲ್ಲಿ? ಇಲ್ಲದಿದ್ದರೆ ಮಣ್ಣು ಮಾಡಿದ್ದು ಎಲ್ಲಿ? ತಿಥಿ ಮಾಡಲು ಒಂದು ತಾರೀಖು ಬೇಕಲ್ಲವೆ?

ಇಲ್ಲೊಂದು ವಿಪರ್ಯಾಸವಿದೆ. 1987ರಿಂದ 89ರವರೆಗೆ ಲಂಕೆಯ ದಕ್ಷಿಣದಲ್ಲಿ ಸಿಂಹಳ ಹುಡುಗರೇ ಬಂಡೆದ್ದಾಗ ಸರ್ಕಾರ ಸಾವಿರಗಟ್ಟಲೆ ಸಿಂಹಳ ಹುಡುಗರನ್ನು ಕಾಣೆ ಮಾಡಿತು. ಆಗ ಆ ತಾಯಂದಿರ ಪರವಾಗಿ ಕಾಣೆಯಾದವರ ಫೋಟೋಗಳನ್ನು ಹೊತ್ತು 1990ರಲ್ಲಿ ಜಿನೀವಾಕ್ಕೆ ಹೊರಟ ಒಬ್ಬ ಯುವ ಸಂಸದರನ್ನು ಕೊಲಂಬೋ ವಿಮಾನ ನಿಲ್ದಾಣದಲ್ಲಿ ತಡೆದು ಕಾಗದಗಳನ್ನು ಕಿತ್ತುಕೊಂಡರು. ಆ ಸಂಸದರ ಹೆಸರು ಮಹಿಂದ ರಾಜಪಕ್ಸೆ. ಮುಂದೆ ಅವರೇ ಅಧ್ಯಕ್ಷರಾಗಿದ್ದಾಗ ಯುದ್ಧ ಮುಗಿದದ್ದು. ಅವರೇ ಜಿನೀವಾದ ಹೆಸರೆತ್ತಿದರೆ ದೇಶದ್ರೋಹ ಎನ್ನತೊಡಗಿದ್ದು. ವಿರೋಧ ಪಕ್ಷದಲ್ಲಿದ್ದಾಗ ಬೇಕಾಗುವ ಮಾನವ ಹಕ್ಕು ಕುರ್ಚಿ ಸಿಕ್ಕೊಡನೆ ಯಾಕೆ ಬೇಡವಾಗುತ್ತದೆ ಎಂದು ನಮ್ಮೂರಿನ ರಾಜಕೀಯ ಬಲ್ಲವರಿಗೆ ನಾನು ವಿವರಿಸಬೇಕಾಗಿಲ್ಲ.

2000ನೇ ಇಸವಿಯಲ್ಲಿ ಮಿರುಸುವಿಲ್ ಎಂಬಲ್ಲಿ ಎಂಟು ಜನ ತಮಿಳು ನಾಗರಿಕರನ್ನು, ಅದರಲ್ಲಿ ಮಕ್ಕಳೂ ಸೇರಿ, ಸೈನಿಕರು ಕೊಂದರು. ಅಪರೂಪಕ್ಕೆ ಈ ಒಂದು ಪ್ರಕರಣದಲ್ಲಿ ಹದಿನೈದು ವರ್ಷದ ಮೇಲೆ ಒಬ್ಬ ಸಾರ್ಜೆಂಟನಿಗೆ ಶಿಕ್ಷೆಯಾಯಿತು, ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. 2020ರ ಮಾರ್ಚಿನಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸೆ ಆತನಿಗೆ ಕ್ಷಮಾದಾನ ಕೊಟ್ಟು ಮನೆಗೆ ಕಳಿಸಿದರು. ಆ ವರ್ಷದ ಸ್ವಾತಂತ್ರ್ಯ ದಿನದ ಸಮಾರಂಭದಲ್ಲಿ, 2016ರಿಂದ ಹಾಡಲು ಶುರುವಾಗಿದ್ದ ತಮಿಳು ರಾಷ್ಟ್ರಗೀತೆಯನ್ನು ಕೈಬಿಟ್ಟರು. ಮರುವರ್ಷ ಜನವರಿಯಲ್ಲಿ ಜಾಫ್ನಾ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಸತ್ತವರ ಸ್ಮಾರಕವನ್ನು ರಾತ್ರೋರಾತ್ರಿ ಕೆಡವಿದರು. ಹುಡುಗರು ಹಟ ಹಿಡಿದ ಮೇಲೆ ಮತ್ತೆ ಕಟ್ಟಲು ಬಿಟ್ಟರು. ಇಷ್ಟೆಲ್ಲ ನಡೆಯುತ್ತಿದ್ದಾಗಲೂ ಭಾಷಣಗಳಲ್ಲಿ ಮರುಸಂಧಾನ ಎಂಬ ಪದ ಇದ್ದೇ ಇತ್ತು. ನೀವು ಮರೆತುಬಿಡಿ, ನಾವು ಕ್ಷಮಿಸಿಕೊಳ್ಳುತ್ತೇವೆ ಎಂಬುದೇ ಆ ಪದದ ಅರ್ಥವಾಗಿತ್ತು.

ದಕ್ಷಿಣ ಆಫ್ರಿಕದವರು ಬೇರೆ ದಾರಿ ಹಿಡಿದರು. 1995ರ ಕಾನೂನಿನ ಪ್ರಕಾರ ಆರ್ಚ್‌ಬಿಷಪ್ ಡೆಸ್ಮಂಡ್ ಟೂಟೂ ಅವರ ಅಧ್ಯಕ್ಷತೆಯಲ್ಲಿ ‘ಸತ್ಯ ಮತ್ತು ಮರುಸಂಧಾನ ಆಯೋಗ’ ಕೂತಿತು. ಹೆಸರಿನಲ್ಲಿ ಸತ್ಯ ಮೊದಲು ಬಂದದ್ದನ್ನು ನೋಡಿ. ಕ್ಷಮೆ ಬೇಕಾದವನು ಮಾಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕಿತ್ತು. ಏಳು ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು; ಕ್ಷಮೆ ಸಿಕ್ಕಿದ್ದು 849 ಜನಕ್ಕೆ. ಅಲ್ಲೂ ಎಲ್ಲ ಸರಿಹೋಗಿದೆ ಎಂದು ನಾನು ಹೇಳುವುದಿಲ್ಲ. ಕ್ಷಮೆ ಸಿಗದವರಲ್ಲಿ ಬಹುತೇಕರ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ. ನೊಂದವರಿಗೆ ಸಿಕ್ಕ ಪರಿಹಾರ ಅಷ್ಟಕ್ಕಷ್ಟೆ. ಆದರೂ ಮಗನನ್ನು ಕಳೆದುಕೊಂಡ ತಾಯಿ ಸಾರ್ವಜನಿಕವಾಗಿ ಕೂತು ಮಾತಾಡಿದಳು, ಕೊಂದವನು ಕೂತು ಕೇಳಿಸಿಕೊಂಡ. ಆಗಿಯೇ ಇಲ್ಲ ಎಂದು ಇನ್ನು ಯಾರೂ ಹೇಳುವ ಹಾಗಿಲ್ಲ. ಅದು ಸಣ್ಣ ಸಂಗತಿಯಲ್ಲ.

ಇದೇನೂ ನಮಗೆ ಹೊರಗಿನಿಂದ ಬರಬೇಕಾದ ಜ್ಞಾನವಲ್ಲ. ನಮ್ಮ ಹಳ್ಳಿ ಪಂಚಾಯ್ತಿಯಲ್ಲಿ ತಪ್ಪುಗಾಣಿಕೆ ಎಂಬುದೊಂದಿದೆ. ತಪ್ಪು ಮಾಡಿದವನು ಹತ್ತು ಜನರ ಮುಂದೆ ‘ತಪ್ಪಾಯ್ತು’ ಎಂದು ಒಪ್ಪಿ, ದೇವರ ಮುಂದೆ ಕಾಣಿಕೆ ಇಟ್ಟ ಮೇಲೆಯೇ ಅವನನ್ನು ಪಂಕ್ತಿಗೆ ಕೂರಿಸಿಕೊಳ್ಳುವುದು. ಈ ಕಟ್ಟೆಗಳನ್ನು ಹೊಗಳುವ ಉದ್ದೇಶ ನನಗಿಲ್ಲ. ಇದೇ ಕಟ್ಟೆಗಳ ಮೇಲೆ ದಲಿತರಿಗೆ ಬಹಿಷ್ಕಾರ ಹಾಕಿದ್ದೂ ಉಂಟು, ಹೆಣ್ಣುಮಕ್ಕಳ ಬಾಯಿ ಮುಚ್ಚಿಸಿದ್ದೂ ಉಂಟು. ಆದರೆ ಒಪ್ಪಿಕೊಳ್ಳದವನಿಗೆ ಮಾಫಿ ಇಲ್ಲ ಎಂಬ ಲೆಕ್ಕ ಮಾತ್ರ ಸರಿಯಾದದ್ದು. ತಪ್ಪು ಹೇಳದೆ ಕಾಣಿಕೆ ಇಟ್ಟರೆ ಅದು ಲಂಚವಾದೀತು.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರೋಣ. 1991ನೇ ಇಸವಿ ಆಗಸ್ಟಿಗೆ ಮುಗಿಯಲಿಲ್ಲ. ಜೂನ್ 25ರಂದು ಕಾವೇರಿ ನ್ಯಾಯಮಂಡಳಿ, ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ತೀರ್ಪು ಕೊಟ್ಟಿತ್ತು. ಬಂಗಾರಪ್ಪನವರ ಸರ್ಕಾರ ಜುಲೈನಲ್ಲಿ ಸುಗ್ರೀವಾಜ್ಞೆ ತಂದಿತು. ನವೆಂಬರ್ 22ರಂದು ಸುಪ್ರೀಂ ಕೋರ್ಟು ಅದು ಊರ್ಜಿತವಲ್ಲ ಎಂದಿತು. ಡಿಸೆಂಬರ್ ಎರಡನೆಯ ವಾರದಲ್ಲಿ ತೀರ್ಪು ಕೇಂದ್ರದ ಗೆಜೆಟ್ಟಿಗೆ ಏರಿತು. ಬಂದ್ ಆಯಿತು. ಬಂದ್ ಜೊತೆಗೆ ಬೆಂಗಳೂರಿನ ತಮಿಳು ಕೊಳೆಗೇರಿಗಳಿಗೆ ಬೆಂಕಿ ಬಿತ್ತು. ಮೈಸೂರು, ಮಂಡ್ಯ, ಕೊಳ್ಳೇಗಾಲದ ಕಡೆಯ ಹಳ್ಳಿಗಳಲ್ಲೂ ತಮಿಳರ ಮನೆ, ಗುಡಿಸಲು, ತೋಟಗಳ ಮೇಲೆ ದಾಳಿಯಾಯಿತು. ಗೋಲಿಬಾರು, ಗಲಭೆ ಎಲ್ಲ ಸೇರಿ ಹದಿನೈದಕ್ಕೂ ಹೆಚ್ಚು ಜೀವ ಹೋದವು. ಸಾವಿರಾರು ತಮಿಳು ಸಂಸಾರಗಳು ಗಂಟುಮೂಟೆ ಕಟ್ಟಿ ಗಡಿ ದಾಟಿದವು. ಅತ್ತ ತಮಿಳುನಾಡಿನಲ್ಲೂ ಕನ್ನಡಿಗರ ಮೇಲೆ ಪ್ರತೀಕಾರ ನಡೆಯಿತು.

ಆ ದಿನಗಳಲ್ಲಿ ನಮ್ಮ ಈ ನಾಲ್ಕು ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದವು. ಬೆಟ್ಟಗಳ ಸುತ್ತ ಕಲ್ಲು ಒಡೆಯುವವರಲ್ಲಿ ತಮಿಳಿನವರು ಬಹಳ ಇದ್ದರು. ನಮ್ಮೂರಿಗೆ ಹತ್ತಿರದ ಒಂದು ಕಲ್ಲುಕ್ವಾರಿಯ ಪಕ್ಕ ನಾಲ್ಕಾರು ಗುಡಿಸಲುಗಳಿದ್ದವು. ಅವರು ಕೆತ್ತಿಕೊಟ್ಟ ಒರಳುಕಲ್ಲು ನಮ್ಮ ಮನೆಯಲ್ಲೂ ಇತ್ತು. ಡಿಸೆಂಬರಿನ ಆ ವಾರ ಒಂದು ಬೆಳಿಗ್ಗೆ ಗುಡಿಸಲುಗಳು ಖಾಲಿಯಾಗಿದ್ದವು. ನಮ್ಮೂರಿನವರು ಯಾರೂ ಅವರಿಗೆ ಹೊಡೆದಿರಲಿಲ್ಲ. ಹೊಡೆಯುತ್ತಾರಂತೆ ಎಂಬ ಸುದ್ದಿಯೇ ಸಾಕಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಎರಡು ಸಂಸಾರ ಮಾತ್ರ ವಾಪಸು ಬಂದವು. ಯಾರೂ ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ‘ಬಂದ್ರಾ? ಒಳ್ಳೇದಾಯ್ತು ಬುಡಿ’ ಎಂದರು ನಮ್ಮ ಹಿರಿಯರು. ಒಂದು ವ್ಯತ್ಯಾಸವನ್ನು ಮಾತ್ರ ನನ್ನ ತಾಯಿ ಗಮನಿಸಿದರು. ಮೊದಲೆಲ್ಲ ಆ ಹೆಂಗಸು ಸಂಜೆ ಹೊತ್ತು ಮಗನನ್ನು ರಸ್ತೆಯ ತುದಿಯಿಂದ ತಮಿಳಿನಲ್ಲಿ ಕೂಗಿ ಕರೆಯುತ್ತಿದ್ದಳು. ಬಂದ ಮೇಲೆ ಕೂಗುವುದನ್ನೇ ಬಿಟ್ಟಳು. ಮಗ ಇರುವಲ್ಲಿಗೆ ನಡೆದು ಹೋಗಿ, ಕೈ ಹಿಡಿದು ಕರೆದುಕೊಂಡು ಬರುತ್ತಿದ್ದಳು.

ಇದನ್ನೇ ನಾವು ಶಾಂತಿ ನೆಲೆಸಿತು ಎಂದು ಕರೆದೆವು. ಪತ್ರಿಕೆಗಳು ಬರೆದದ್ದೂ ಹಾಗೆಯೇ. ಪರಿಸ್ಥಿತಿ ಸಹಜ, ಅಂಗಡಿ ಮುಂಗಟ್ಟು ತೆರೆದಿವೆ, ಬಸ್ಸು ಓಡುತ್ತಿವೆ! ತಾಯಿಯೊಬ್ಬಳು ಮಗನನ್ನು ತನ್ನ ಮಾತಿನಲ್ಲಿ ಕೂಗಲು ಹೆದರುವ ಊರಿನಲ್ಲಿ ಪರಿಸ್ಥಿತಿ ಸಹಜವಾಗಿದೆ ಎಂದು ಯಾವ ಬಾಯಿಂದ ಹೇಳುವುದು?

ನನ್ನ ಮಾತಿಗೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ಮೊದಲನೆಯದು: ‘ಅಲ್ಲಿ ನಡೆದದ್ದು ಯುದ್ಧ, ಇಲ್ಲಿ ನಡೆದದ್ದು ನಾಲ್ಕು ದಿನದ ಗಲಭೆ. ಆನೆಗೂ ಇರುವೆಗೂ ಹೋಲಿಕೆಯೆ?’ ನಿಜ, ಎರಡೂ ಒಂದೇ ಅಲ್ಲ. ನಮ್ಮಲ್ಲಿ ನ್ಯಾಯಾಲಯಗಳಿದ್ದವು, ಪತ್ರಿಕೆಗಳಿದ್ದವು, ತಮಿಳರ ಪರ ನಿಂತ ಕನ್ನಡಿಗರಿದ್ದರು. ಅದಕ್ಕೇ ನಮ್ಮದು ಯುದ್ಧವಾಗಲಿಲ್ಲ. ಆದರೆ ಕೊಲಂಬೋದಲ್ಲಿ 1983ಕ್ಕೆ ಮುಂಚೆ 1958ರಲ್ಲೂ, 1977ರಲ್ಲೂ ‘ಗಲಭೆ’ಗಳೇ ಆಗಿದ್ದು. ಪ್ರತಿ ಸಲವೂ ಆಗಿದ್ದು ಆಗೋಯ್ತು ಎಂದರು. ಲೆಕ್ಕ ಇತ್ಯರ್ಥ ಮಾಡದ ಗಲಭೆ ಬಡ್ಡಿ ಕಟ್ಟದ ಸಾಲದ ಹಾಗೆ. ಅದು ತಾನಾಗಿ ತೀರುವುದಿಲ್ಲ, ಬೆಳೆಯುತ್ತದೆ.

ಎರಡನೆಯದು: ‘ನೀನು ಕನ್ನಡಿಗನೋ ಅಲ್ಲವೋ? ನೀರಿನ ವಿಷಯದಲ್ಲಿ ನಮಗಾದ ಅನ್ಯಾಯ ಕಾಣುವುದಿಲ್ಲವೆ?’ ಚೆನ್ನಾಗಿ ಕಾಣುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುವುದು ನಮ್ಮ ಕನಕಪುರ ತಾಲ್ಲೂಕಿನಲ್ಲೇ. ಬೆಂಗಳೂರಿಗೆ ಕುಡಿಯುವ ನೀರು ಹೊತ್ತ ಕೊಳವೆ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿಯ ಮೇಲೆ ಹೋಗುವಾಗ, ನಮ್ಮ ರಾಗಿ ಹೊಲಗಳು ಮುಗಿಲು ನೋಡಿಕೊಂಡು ಕೂತಿರುತ್ತವೆ. 2007ರ ಅಂತಿಮ ತೀರ್ಪಿನ ಮೇಲೆ ವಾದಿಸಿ, 2018ರಲ್ಲಿ ಸುಪ್ರೀಂ ಕೋರ್ಟಿನಿಂದ 14.75 ಟಿಎಂಸಿ ಹೆಚ್ಚು ಪಡೆದದ್ದು ನಮ್ಮ ಪಾಲಿನ ನ್ಯಾಯ. ಅದನ್ನು ಗೆದ್ದುಕೊಟ್ಟದ್ದು ಕಾಗದ, ಅಂಕಿ ಅಂಶ ಮತ್ತು ವಾದ. ಗುಡಿಸಲಿಗೆ ಇಟ್ಟ ಬೆಂಕಿಯಿಂದ ಒಂದು ಕೊಡ ನೀರೂ ಹೆಚ್ಚಿಗೆ ಬಂದದ್ದಿಲ್ಲ. ಕಲ್ಲು ಒಡೆಯುವವನು ತಂಜಾವೂರಿನ ಗದ್ದೆಗೆ ನೀರು ಬಿಡಿಸಿಕೊಂಡವನೂ ಅಲ್ಲ.

ಅಷ್ಟೇ ಅಲ್ಲ, ಅಲ್ಪಸಂಖ್ಯಾತರಾಗಿ ಬದುಕುವುದು ಏನೆಂದು ಕನ್ನಡಿಗರಿಗೆ ಗೊತ್ತಿಲ್ಲವೆ? 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ನಮಗೆ ಬರಬೇಕೆಂದರೂ ಬರಲಿಲ್ಲ. ಅಲ್ಲಿನ ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟರನ್ನು ಹಾಕಿದರೆ ನಾವು ಇಲ್ಲಿ ಸಿಟ್ಟಾಗುತ್ತೇವೆ. ಆಗಬೇಕಾದ್ದೇ. ಅದೇ ಸಿಟ್ಟು, ನಮ್ಮ ನಡುವೆ ಇರುವ ಬೇರೆ ಮಾತಿನವರ ಮೇಲೆ ಕೈ ಎತ್ತಿದಾಗ ಎಲ್ಲಿ ಅಡಗುತ್ತದೆ? 1994ರ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ಬೆಂಗಳೂರಿನಲ್ಲಿ ಮತ್ತೆ ರಕ್ತ ಹರಿಯಿತು. ರಾಮನಗರದಲ್ಲಿ ಗೂಡು ಬಿಚ್ಚಿ ನೂಲು ತೆಗೆಯುವ ಬಹಳಷ್ಟು ಮನೆಗಳ ಮಾತು ಉರ್ದು. ಧರ್ಮಪುರಿ, ಕೃಷ್ಣಗಿರಿ ಕಡೆಯ ರೈತರು ಗೂಡು ತರುವುದು ಇದೇ ಮಾರುಕಟ್ಟೆಗೆ. ಇಲ್ಲಿ ತೆಗೆದ ನೂಲು ಕಂಚಿಯ ಮಗ್ಗಕ್ಕೆ ಹೋಗಿ ಸೀರೆಯಾಗಿ ನಮ್ಮ ಹೆಣ್ಣುಮಕ್ಕಳ ಧಾರೆಗೆ ಬರುತ್ತದೆ. ಹರಾಜಿನ ಹೊತ್ತಿನಲ್ಲಿ ಮೂರು ಭಾಷೆಯೂ ಒಂದೇ ಲಾಟಿನ ಮೇಲೆ ಕೈ ಇಡುತ್ತವೆ. ನಮ್ಮ ಬದುಕು ಹೀಗೆ ಹೆಣೆದುಕೊಂಡಿರುವಾಗ ಒಂದು ಎಳೆ ಕತ್ತರಿಸಿ ಶುದ್ಧವಾಗುತ್ತೇವೆ ಎಂಬುದು ಮೂರ್ಖತನ.

ಮೂರನೆಯದು: ‘ಆರಿದ ಬೂದಿ ಕೆದಕಬೇಡ.’ ಆರಿದೆ ಎಂದು ಹೇಳಿದವರು ಯಾರು? 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ತಮಿಳುನಾಡಿನ ಹತ್ತಾರು ಬಸ್ಸುಗಳು ಒಂದೇ ಕಡೆ ಉರಿದವು. ಇಬ್ಬರು ಸತ್ತರು, ಸತ್ತವರು ಈ ನಾಡಿನ ಹುಡುಗರೇ. ಬೆಂಕಿ ಹಚ್ಚಿದವರಲ್ಲಿ ಬಹುಪಾಲು 1991ರಲ್ಲಿ ಹುಟ್ಟೇ ಇರದವರು, ಇಲ್ಲವೆ ತೊಟ್ಟಿಲಲ್ಲಿದ್ದವರು. ಆ ಹುಡುಗರಿಗೆ ಇದನ್ನು ಕಲಿಸಿದವರು ಯಾರು? ಯಾರೂ ಕಲಿಸಲಿಲ್ಲ ಎಂಬುದೇ ಇದರ ಉತ್ತರ. ಹಿಂದೆ ಹೀಗಾಗಿತ್ತು, ಇಂಥವರು ಸತ್ತರು, ಅದು ತಪ್ಪು ಎಂದು ಯಾರೂ ಹೇಳಲಿಲ್ಲ. ಹೇಳದೆ ಉಳಿದದ್ದು ತಪ್ಪಾಗಿ ಉಳಿಯುವುದಿಲ್ಲ, ದಾರಿಯಾಗಿ ಉಳಿಯುತ್ತದೆ.

ಒಳ್ಳೆಯದು ಏನೂ ನಡೆದಿಲ್ಲ ಎಂದರೆ ಸುಳ್ಳಾದೀತು. 2003ರಲ್ಲಿ ಚೆನ್ನೈನ ಪ್ರೊಫೆಸರ್ ಜನಕರಾಜನ್ ಮುಂತಾದವರ ಪ್ರಯತ್ನದಿಂದ ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ ಎಂದು ಒಂದಾಗಿ, ಒಬ್ಬರ ಗದ್ದೆಗೆ ಒಬ್ಬರು ಹೋಗಿ ಬಂದರು. ಸರ್ಕಾರಗಳು ವಕೀಲರ ಮೂಲಕ ಮಾತಾಡುತ್ತಿದ್ದಾಗ ಈ ರೈತರು ಬರಿಗಾಲಲ್ಲಿ ಕೆಸರಿಗಿಳಿದು ಮಾತಾಡಿದರು. 2009ರ ಆಗಸ್ಟಿನಲ್ಲಿ ಬೆಂಗಳೂರಿನ ಹಲಸೂರಿನ ಬಳಿ ತಿರುವಳ್ಳುವರ್ ಪ್ರತಿಮೆಯೂ, ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣವಾದವು. ತಿರುವಳ್ಳುವರ್ ಹದಿನೆಂಟು ವರ್ಷ ಮುಸುಕು ಹೊದ್ದು ನಿಂತಿದ್ದರು! ಯಡಿಯೂರಪ್ಪನವರೂ ಕರುಣಾನಿಧಿಯವರೂ ಕೈ ಕುಲುಕಿದರು. ನನಗೆ ಸಂತೋಷವಾಯಿತು. ಆದರೆ ಪ್ರತಿಮೆಯ ಮುಸುಕು ತೆಗೆದ ಹಾಗೆ ಸತ್ತವರ ಮುಸುಕು ಯಾರೂ ತೆಗೆಯಲಿಲ್ಲ. ಸಮಾರಂಭಕ್ಕೆ 1991ರಲ್ಲಿ ಮನೆ ಕಳೆದುಕೊಂಡವರನ್ನು ವೇದಿಕೆ ಹತ್ತಿಸಿ, ನಾಲ್ಕು ಮಾತು ಆಡಿಸಿದ್ದರೆ ಆ ದಿನ ಇನ್ನೂ ದೊಡ್ಡದಾಗುತ್ತಿತ್ತು. ಏಳು ವರ್ಷಕ್ಕೆ ಮತ್ತೆ ಬಸ್ಸು ಉರಿಯಿತಲ್ಲ, ಆಗ ಸರ್ವಜ್ಞನಾಗಲಿ ತಿರುವಳ್ಳುವರ್ ಆಗಲಿ ಅಡ್ಡ ಬರಲಿಲ್ಲ. ಕವಿಗಳ ಕೆಲಸ ಅದಲ್ಲ. ಅದು ಬದುಕಿರುವವರ ಕೆಲಸ.

ಹಾಗಾದರೆ ಏನು ಮಾಡಬೇಕು? ನಾನು ಕೇಳುವುದು ಬಹಳ ಸರಳ. 1991ರಲ್ಲಿ ಸತ್ತವರ ಹೆಸರುಗಳು ಒಂದೇ ಪುಸ್ತಕದಲ್ಲಿ, ಎರಡೂ ಭಾಷೆಯಲ್ಲಿ ಅಚ್ಚಾಗಲಿ. ತಮಿಳುನಾಡಿನಲ್ಲಿ ಹೊಡೆಸಿಕೊಂಡ ಕನ್ನಡಿಗರ ವಿವರವೂ ಅದೇ ಪುಸ್ತಕದಲ್ಲಿರಲಿ. ನಮ್ಮ ಪಟ್ಟಿ, ನಿಮ್ಮ ಪಟ್ಟಿ ಎಂದು ಎರಡು ಬೇಡ. ಗಲಭೆಯ ಬಗ್ಗೆ ಸರ್ಕಾರದ ಬಳಿ ಇರುವ ತನಿಖೆಯ ಕಾಗದಪತ್ರಗಳೆಲ್ಲ ಕನ್ನಡದಲ್ಲಿ ತಾಲ್ಲೂಕು ಗ್ರಂಥಾಲಯಗಳಿಗೆ ಬರಲಿ, ಹೈಸ್ಕೂಲಿನ ಮೇಷ್ಟರುಗಳು ಓದಲಿ. ಚಳವಳಿಗಾರರ ಮೇಲಿನ ಕೇಸುಗಳನ್ನು ಸರ್ಕಾರಗಳು ವಾಪಸು ತೆಗೆದುಕೊಳ್ಳುವುದು ನಮ್ಮಲ್ಲಿ ವಾಡಿಕೆಯಾಗಿದೆ. ರಸ್ತೆ ತಡೆದವನ ಕೇಸನ್ನು ಬೇಕಾದರೆ ತೆಗೆಯಿರಿ, ಧಾರಾಳವಾಗಿ ತೆಗೆಯಿರಿ. ಮನೆ ಸುಟ್ಟವನ ಕೇಸನ್ನು ಅದೇ ಕಟ್ಟಿನಲ್ಲಿ ಸೇರಿಸಿ ತೆಗೆಯಬೇಡಿ. ಹಾಗೆ ತೆಗೆದರೆ ಮಿರುಸುವಿಲ್‌ನ ಸಾರ್ಜೆಂಟನಿಗೆ ಸಿಕ್ಕ ಕ್ಷಮಾದಾನಕ್ಕೂ ಇದಕ್ಕೂ ಗಾತ್ರದಲ್ಲಿ ಮಾತ್ರ ವ್ಯತ್ಯಾಸ. ಇನ್ನು ಶಾಂತಿ ಸಮಿತಿ. ಈಗಿನ ಶಾಂತಿ ಸಮಿತಿ ಎಂದರೆ ಹಬ್ಬಕ್ಕೆ ಮುಂಚೆ ಸ್ಟೇಷನ್ನಿನಲ್ಲಿ ಮುಖಂಡರು ಕೂತು ಟೀ ಬಿಸ್ಕತ್ತು ತಿಂದು ಏಳುವ ಸಭೆ. ಅಲ್ಲಿ ಗಲಭೆ ಮಾಡಿಸಬಲ್ಲವರೆಲ್ಲ ಇರುತ್ತಾರೆ, ಗಲಭೆಯಲ್ಲಿ ನೊಂದವರು ಒಬ್ಬರೂ ಇರುವುದಿಲ್ಲ. ಕಲ್ಲು ಕುಟ್ಟುವವರನ್ನು, ಗೂಡು ಬಿಡಿಸುವ ಹೆಂಗಸರನ್ನು ಕರೆದು ಕೂರಿಸಿ. ಮುಖಂಡರು ಒಂದು ದಿನ ಸುಮ್ಮನೆ ಕೂತು ಕೇಳಲಿ.

ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಮತ್ತೆ ಹೊಸ ಹೆಸರು ಬಂತು. ಹೆಸರು ಬದಲಿಸುವುದರಲ್ಲಿ ನಮಗಿರುವ ಹುರುಪಿನಲ್ಲಿ ಅರ್ಧದಷ್ಟು, ಹೆಸರು ಬರೆದಿಡುವುದರಲ್ಲೂ ಇದ್ದಿದ್ದರೆ ಚೆನ್ನಾಗಿತ್ತು. ಕಿಳಿನೊಚ್ಚಿಯ ರಸ್ತೆ ಬದಿಯ ತಾಯಿ ತನ್ನ ಸರ್ಕಾರವನ್ನು ಕೇಳಿದ್ದನ್ನೇ ಇಲ್ಲಿಯ ತಾಯಿಯೂ ನಮ್ಮನ್ನು ಕೇಳಬಹುದು. ಅವಳು ಬಾಯಿಬಿಟ್ಟು ಕೇಳದಿರುವುದಕ್ಕೆ ಕಾರಣ ಮರೆವಲ್ಲ, ಹೆದರಿಕೆ. ಆ ಹೆದರಿಕೆ ಹೋಗುವವರೆಗೆ ಆಗಿದ್ದು ಆಗೋಯ್ತು ಎನ್ನುವ ಹಕ್ಕು ನಮಗೆ ಯಾರಿಗೂ ಇಲ್ಲ. ಆ ಮಾತು ಆಡಬೇಕಾದವರು ಅವರು. ಆಡುತ್ತಾರೋ ಇಲ್ಲವೋ ಅದೂ ಅವರಿಗೆ ಬಿಟ್ಟದ್ದು. ನಾವು ಮಾಡಬಹುದಾದದ್ದು ಇಷ್ಟೆ: ಹತ್ತು ಜನರ ಮುಂದೆ ನಿಂತು, ಆದದ್ದು ಏನೆಂದು ಹೇಳಿ, ‘ತಪ್ಪಾಯ್ತು’ ಎನ್ನುವುದು.